ಸೊಪ್ಪಿನಾಕೆಯ ಪಕ್ಕದ ಜಾಗ

ಸುಮಾ, ಕಿಟ್ಟೂ, ಹಿಮಾಯತ್‌ನಗರದ ಫುಟ್‌ಪಾತಿನಲ್ಲಿ ನಾನು ಜೋಳದ ರೊಟ್ಟಿ ಮಾರುವಾಗ ಪಕ್ಕದಲ್ಲಿ ಸೊಪ್ಪು ಮಾರುವವಳೊಬ್ಬಳು ಕೂರುತ್ತಿದ್ದಳು. ರಾಯಚೂರು ಕಡೆಯವಳು, ನಮ್ಮ ಹೆಂಗಸರ ಸಂಘದ ಅಧ್ಯಕ್ಷೆ. ಯಾರು ದೂರು ತಂದರೂ ಸೊಪ್ಪಿಗೆ ನೀರು ಚಿಮುಕಿಸುತ್ತ, “ನೀನ ಹೇಳವ್ವಾ, ನಾ ಬಾಜೂಕ ಇರ್ತೀನಿ” ಎನ್ನುವಳು.

ನಿಮ್ಮ ಅಜ್ಜ ತೀರಿಕೊಂಡು ನಾನು ಬರದಿದ್ದಾಗ ನನ್ನ ಜಾಗದಲ್ಲಿ ಬುಟ್ಟಿ ಬೋರಲು ಹಾಕಿ ಕಾದಳು. ನಾನು ಮರಳಿದ ದಿನ ಮುನ್ಸಿಪಾಲಿಟಿ ಸಾಹೇಬರು ಫುಟ್‌ಪಾತಿನ ವ್ಯಾಪಾರಿಗಳ ಪಟ್ಟಿ ಬರೆಯಲು ಬಂದರು. ಹೆಸರಿಲ್ಲದವರು ಜಾಗ ಬಿಡಬೇಕಿತ್ತು. ನನ್ನ ಹೆಸರನ್ನು ಅವಳನ್ನೇ ಕೇಳಿದರು. ಅವಳು ನನ್ನತ್ತ ತಿರುಗಿ, “ನೀನ ಹೇಳವ್ವಾ” ಎಂದಳು.

“ನೀನ ಬರಸ, ಅಕ್ಕಾ” ಎಂದು ಗೋಗರೆದೆ.

“ಜಾಗ ನಿಂದೋ, ನಂದೋ?”

ಕೊನೆಗೆ ನನ್ನ ಹೆಸರನ್ನು ನಾನೇ ಎರಡು ಸಲ ಹೇಳಬೇಕಾಯಿತು; ಎರಡನೆಯದು ರಸ್ತೆಯಾಚೆಗೂ ಕೇಳಿಸಿತು. ಅವಳು ನಗುತ್ತ ನನ್ನ ಮುಖಕ್ಕೂ ನೀರು ಚಿಮುಕಿಸಿದಳು.

ಆ ಜಾಗದ ಗುರುತಿನ ಚೀಟಿ ನಿಮಗೆಂದು ಬರೆದ ಈ ಹಾಳೆಗಳೊಳಗಿದೆ. ಎರಡನ್ನೂ ಜೋಪಾನವಾಗಿಡಿ.