ಖಂಡೇಪೂಜೆಗೆ ತಂದ ಕೆಂಪು ದಾರ

ನನ್ನ ಮೊಮ್ಮಗಳು ದೋಣಿಯ ಮೋಟಾರು ಹಚ್ಚಿದಳು! ಗುಂಡಿ ಒತ್ತಿದ ಒಂದೇ ಸಲಕ್ಕೆ ಹತ್ತಿತು. ಆ ವರ್ಷದ ದಸರೆಯ ಸಂಜೆ, ಬೇಲಾಪುರದ ಹತ್ತಿರದ ಖಾಡಿಯಲ್ಲಿ, ಅಂದರೆ ಸಮುದ್ರದ ಹಿನ್ನೀರಿನಲ್ಲಿ, ಅಪ್ಪನನ್ನು ಮುಂದೆ ಕೂರಿಸಿಕೊಂಡು ಒಂದಲ್ಲ, ಎರಡು ಸುತ್ತು ಹಾಕಿ ಬಂದಳು. ದಂಡೆಯ ಮೇಲೆ ನಾನು ಕುಣಿಯುವುದೊಂದು ಬಾಕಿ ಇತ್ತು. ಈಗಲೂ ಯಾರು ಸಿಕ್ಕರೂ ಮೊದಲು ಇದನ್ನೇ ಹೇಳುತ್ತೇನೆ. ಅದೇ ದಿನ ಬೆಳಿಗ್ಗೆ ನಾನು ಮಾಡಿದ್ದನ್ನು ಮಾತ್ರ ಹೇಳುವುದಿಲ್ಲ. ಬರೆಯುವಾಗ ಎದುರಿಗೆ ಯಾರ ಮುಖವೂ ಇರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಓದಿದ್ದು ಮೂರನೇ ಇಯತ್ತೆ. ವಿಜಾಪುರದ ಕಡೆಯಿಂದ ಬಂದವನು ಡೊಂಬಿವಲಿಯ ಒಂದು ಬ್ಯಾಟರಿ ಅಂಗಡಿಯಲ್ಲಿ ಮೂವತ್ತು ವರ್ಷ ಕಳೆದೆ. ಲಾರಿ, ಟೆಂಪೋ, ರಿಕ್ಷಾಗಳ ಬ್ಯಾಟರಿಗೆ ನೀರು ಹಾಕುವುದು, ಚಾರ್ಜಿಗೆ ಹಚ್ಚುವುದು. ಆಸಿಡ್ ಸಿಡಿದು ತೂತಾಗದ ಪ್ಯಾಂಟು ನನ್ನ ಹತ್ತಿರ ಒಂದೂ ಇರಲಿಲ್ಲ. ಗಾಡಿ ಶುರು ಮಾಡುವ ಸದ್ದು ಕೇಳಿದರೆ ಸಾಕು, ತಪ್ಪು ಬ್ಯಾಟರಿಯದೋ ಇಂಜಿನ್ನಿನದೋ ಎಂದು ಹೇಳಿಬಿಡುತ್ತಿದ್ದೆ. ನನಗಿದ್ದ ದೊಡ್ಡ ವಿದ್ಯೆ ಅದೊಂದೇ.

ಮಗಳು ಬೇಲಾಪುರದ ಬೆಸ್ತರ ಕೇರಿ ಕೋಳಿವಾಡದ ಮೀನುಗಾರನನ್ನು ಮೆಚ್ಚಿ ಮದುವೆಯಾದಳು. ಅಳಿಯಂದಿರಿಗೆ ಕನ್ನಡ ಬಾರದು, ನನ್ನದು ಅಂಗಡಿಯಲ್ಲಿ ಕಲಿತ ಮರಾಠಿ. ಅವರ ಬಲಭುಜಕ್ಕೆ ಪೆಟ್ಟಾಗಿ ಬಲೆ ಎಳೆಯುವುದೇ ಕಷ್ಟವಾದಾಗ, ದೋಣಿಯ ಹಿಂದೆ ಸಿಕ್ಕಿಸುವ ಒಂದು ಹಳೆಯ ಸಣ್ಣ ಮೋಟಾರು ಕೊಂಡರು. ಹಗ್ಗ ಎಳೆದೂ ಹಚ್ಚಬಹುದು, ಬ್ಯಾಟರಿ ಇದ್ದರೆ ಗುಂಡಿ ಒತ್ತಿಯೂ ಹಚ್ಚಬಹುದು. ಚಳಿಗಾಲದಲ್ಲಿ ಫ್ಲೆಮಿಂಗೋ ಹಕ್ಕಿ ನೋಡಲು ಬರುವವರನ್ನು ಖಾಡಿಯಲ್ಲಿ ಸುತ್ತಿಸುವ ವಿಚಾರವಿತ್ತು. ಆಗತಾನೇ ಕಾಲೇಜು ಮುಗಿಸಿದ್ದ ಮೊಮ್ಮಗಳು, ದೋಣಿ ನಾನೇ ನಡೆಸುತ್ತೇನೆ ಎಂದು ಹಟ ಹಿಡಿದಳು. ಅಳಿಯಂದಿರು ಕಡೆಗೆ ಒಂದು ಮಾತು ಹೇಳಿದರು. ಬ್ಯಾಟರಿ ಅವಳೇ ಆರಿಸಲಿ, ದಸರೆಯ ದಿನ ಅವಳೇ ಮೋಟಾರು ಹಚ್ಚಿ ಒಂದು ಸುತ್ತು ಹಾಕಿ ತೋರಿಸಲಿ. ತೋರಿಸಿದರೆ ದೋಣಿ ಅವಳದು, ಇಲ್ಲದಿದ್ದರೆ ಬೇರೆಯವರ ಕೈಗೆ.

ಬ್ಯಾಟರಿ ಕೊಳ್ಳಲು ಠಾಣೆ ಪೇಟೆಯ ಅಂಗಡಿಗೆ ನಾನೇ ಕರೆದುಕೊಂಡು ಹೋದೆ. ಇನ್ವರ್ಟರಿಗೆ ಹಾಕುವ ಎತ್ತರದ ಬ್ಯಾಟರಿಯ ಮೇಲೆ ಕೈ ಇಟ್ಟು ಹೇಳಿದೆ: "ಇದ ತಗೋ. ಹತ್ತು ವರ್ಷ ಅಲ್ಲಾಡೂದಿಲ್ಲ."

"ಅಜ್ಜಾ, ಇದು ಫ್ಯಾನ್ ತಿರಗಸೂದು. ಸಾವಕಾಶ ಕರೆಂಟ್ ಕೊಡತೈತಿ. ನಮಗ ಏಕ್ ಧಕ್ಕಾ ಬೇಕು, ಜೋರಾಗಿ. ಆಮೇಲೆ ಮೋಟಾರ್ ತಾನೇ ಓಡತೈತಿ." ಮೋಟಾರಿನ ಜೊತೆ ಬಂದ ಪುಸ್ತಕ ತೆರೆದು, ಎಷ್ಟು ಜೋರಿನ ಬ್ಯಾಟರಿ ಬೇಕೆಂದು ಬರೆದ ಅಂಕಿಯ ಮೇಲೆ ಬೆರಳಿಟ್ಟಳು. "ಮತ್ತ ದೋಣಿ ಹೊಯ್ದಾಡತೈತಿ. ಇದರಾಗಿನ ಆಸಿಡ್ ಚೆಲ್ಲಿದರ?"

ಕಡೆಗೆ ಅವಳು ಆರಿಸಿದ್ದು ಬಾಯಿ ಮುಚ್ಚಿದ, ನೀರು ಹಾಕುವ ಕೆಲಸವೇ ಇಲ್ಲದ ಒಂದು ಸಣ್ಣ ಬ್ಯಾಟರಿ. "ಇದು ಆಟಿಗಿ ಸಾಮಾನ ಕಂಡಂಗ ಐತಿ" ಎಂದೆ. ಅಂಗಡಿಯವನು ನನ್ನ ಹಳೆಯ ಪರಿಚಯದವನು. "ಕಾಕಾ, ಇನ್ನು ನಿಮ್ಮ ರಿಟೈರ್‌ಮೆಂಟ್" ಎಂದು ನಕ್ಕ. ನಾನೂ ನಕ್ಕೆ. ಒಳಗೆ ಉರಿಯಿತು.

ನವಮಿಯ ಹಿಂದಿನ ದಿನ ಬ್ಯಾಟರಿ ಕೂರಿಸಿದೆವು. ನಮ್ಮ ಕಡೆ ನವಮಿಯ ದಿನ ಖಂಡೇಪೂಜೆ. ದುಡಿಯುವ ಸಾಮಾನನ್ನೆಲ್ಲ ತೊಳೆದು ದೇವರ ಮುಂದೆ ಇಡಬೇಕು, ಮರುದಿನ ದಸರೆಗೆ ಬನ್ನಿ ಎಲೆ ಕೊಟ್ಟು ತೆಗೆದುಕೊಳ್ಳುವವರೆಗೆ ಮುಟ್ಟಬಾರದು. ಗಾಡಿ ದೂರ ಇದ್ದವರು ಅದರ ಕೀಲಿಯನ್ನಾದರೂ ಇಟ್ಟು ಪೂಜಿಸುತ್ತಾರೆ. ಮೊಮ್ಮಗಳ ಮೋಟಾರಿಗೂ ನಮ್ಮ ಮನೆಯ ಕುಂಕುಮ ಬೀಳಲಿ ಎಂಬ ಆಸೆ ನನಗೆ. ಮೋಟಾರಿನಲ್ಲಿ ಒಂದು ಕೆಂಪು ಸುರುಳಿ ದಾರ ಸಿಕ್ಕಿಸಿದ್ದರು. ಕೀಲಿ ತೂಗುಹಾಕುವ ದಾರವಿರಬೇಕು ಎಂದುಕೊಂಡು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಕೇಳಿದರೆ ನಗುತ್ತಾರೆಂದು ಯಾರಿಗೂ ಹೇಳಲಿಲ್ಲ. ಡೊಂಬಿವಲಿಯ ಮನೆಯಲ್ಲಿ ಬ್ಯಾಟರಿ ಬಿಚ್ಚುವ ನನ್ನ ಹಳೆಯ ಪಕ್ಕಡದ ಪಕ್ಕ ಅದನ್ನು ಇಟ್ಟು ಪೂಜೆ ಮಾಡಿದೆ.

ದಸರೆಯ ಬೆಳಿಗ್ಗೆ ಖಾಡಿಯಲ್ಲಿ ನೀರು ತುಂಬಿತ್ತು. ದಂಡೆಯಲ್ಲಿ ನೆರೆಯವರೂ ಸೇರಿದ್ದರು. ಮೊಮ್ಮಗಳು ಗುಂಡಿ ಒತ್ತಿದಳು. ಗಿರ್ರನೆ ತಿರುಗಿತು, ಹತ್ತಲಿಲ್ಲ. ಮತ್ತೆ ಒತ್ತಿದಳು. ಊಹೂಂ.

ಆ ಸದ್ದು ಕೇಳಿದ ಕೂಡಲೇ ನನ್ನ ಕಿವಿಗೆ ಗೊತ್ತಾಗಿತ್ತು, ಬ್ಯಾಟರಿ ಗಟ್ಟಿಯಾಗಿದೆ ಎಂದು. ಆದರೂ ಎಲ್ಲರೆದುರು ಕೂಗಿದೆ: "ನಾ ಅಂದಿದ್ದಿಲ್ಲೇನು? ಆಟಿಗಿ ಬ್ಯಾಟರಿ! ಪುಸ್ತಕಾ ಓದಿ ಮೋಟಾರ್ ಹತ್ತತಾವೇನು?"

ಅವಳು ಹಗ್ಗ ಹಿಡಿದು ಎಳೆದಳು. ಅದಕ್ಕೂ ಹತ್ತಲಿಲ್ಲ. ಬಗ್ಗಿ ನೋಡಿ, ಅಪ್ಪನಿಗೆ ಮರಾಠಿಯಲ್ಲಿ, "ಬಾಬಾ, ಆ ಕೆಂಪು ದಾರ ಎಲ್ಲಿ?" ಎಂದಳು. ಅಲ್ಲೇ ನನಗೂ ಬಿಡಿಸಿ ಹೇಳಿದಳು. ಆ ದಾರದ ಒಂದು ತುದಿ ಮೋಟಾರಿಗೆ, ಇನ್ನೊಂದು ನಡೆಸುವವರ ಕೈಗೆ. ಅವರು ನೀರಿಗೆ ಬಿದ್ದರೆ ದಾರ ಕಿತ್ತು ಮೋಟಾರು ತಾನೇ ನಿಲ್ಲಬೇಕು. ದಾರ ಸಿಕ್ಕಿಸದಿದ್ದರೆ ಅದು ಹತ್ತುವುದೇ ಇಲ್ಲ.

ಡೊಂಬಿವಲಿಯ ಮನೆಯಲ್ಲಿ ದೇವರ ಮುಂದೆ ನಾನು ಇಟ್ಟು ಬಂದದ್ದು ಅದೇ ದಾರ.

ಅಳಿಯಂದಿರು ಮರಾಠಿಯಲ್ಲಿ, ದನಿ ಏರಿಸದೆಯೇ ಹೇಳಿದರು: "ಒಂದು ದಾರ ಜೋಪಾನ ಮಾಡಲಾರದವಳ ಕೈಗೆ ಹತ್ತು ಜನರ ಜೀವ ಹೇಗೆ ಕೊಡಲಿ?" ಯಾರೋ ಸುತಳಿ ಕಟ್ಟಿ ನೋಡಿರಿ ಎಂದರು. ಬಿದ್ದರೆ ಮೋಟಾರು ನಿಲ್ಲುವುದಿಲ್ಲವೆಂದು ಅವಳು ಬೇಡವೆಂದಳು. "ನಾನೇ ಎಲ್ಲೋ ಬೀಳಿಸೀನಿ" ಎಂದು ತಲೆ ತಗ್ಗಿಸಿದಳು. ನಾನು ಅಲ್ಲೇ, ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಮನೆಯಲ್ಲಿದ್ದ ನನ್ನ ಮುದುಕಿಯನ್ನು ಕರೆತರುತ್ತೇನೆಂದು ಹೇಳಿ ಸ್ಟೇಶನ್ನಿನ ದಾರಿ ಹಿಡಿದೆ.

ಠಾಣೆಯಲ್ಲಿ ರೈಲು ಬದಲಿಸುವ ಹೊತ್ತಿಗೆ ನನ್ನ ಉಪಾಯ ತಯಾರಾಗಿತ್ತು. ದಾರ ತಂದು ದೋಣಿಯ ಹಲಗೆಯ ಸಂದಿಯಲ್ಲಿ ಹಾಕುವುದು, ನಾನೇ ಹುಡುಕಿದಂತೆ ಎತ್ತಿ ತೋರಿಸುವುದು. ಮನೆಗೆ ಹೋಗಿ ದೇವರ ಮುಂದಿನಿಂದ ದಾರ ತೆಗೆದಾಗ ಡಬ್ಬಿಗೆ ಹೋಳಿಗೆ ತುಂಬುತ್ತಿದ್ದ ನನ್ನಾಕೆ ನೋಡಿದಳು.

"ಬನ್ನಿ ಕೊಡೂಕಿಂತ ಮೊದಲ ಪೂಜಿ ಸಾಮಾನ ಯಾಕ ಎತ್ತೀರಿ?"

ಹೇಳಲೇಬೇಕಾಯಿತು. ಉಪಾಯವನ್ನೂ ಹೇಳಿದೆ.

"ಹುಡುಗಿ ಬೈಸಿಕೊಂಡಳು, ನೀವು ಶಾಬಾಸಕಿ ತಗೋತೀರಿ. ಚಲೋ ಐತ್ರೀ" ಎಂದು ಡಬ್ಬಿ ಎತ್ತಿಕೊಂಡು ಹೊರಟಳು.

ನಾವು ಮರಳಿ ಖಾಡಿ ಮುಟ್ಟಿದಾಗ ನೀರು ಇಳಿದು ದೋಣಿ ಕೆಸರಿನಲ್ಲಿ ಕೂತಿತ್ತು. ಅಳಿಯಂದಿರು ದಂಡೆಯಲ್ಲಿ ಇನ್ನೊಬ್ಬರ ಜೊತೆ ನಿಂತು, ನಾಳೆಯಿಂದ ದೋಣಿ ನೀವು ನಡೆಸಿ ಎಂದು ಮಾತಾಡುತ್ತಿದ್ದರು. ಮೊಮ್ಮಗಳು ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ, ಎರಡೂ ಕೈ ಒಳಗೆ ಹಾಕಿ ತಡಕಾಡುತ್ತಿದ್ದಳು. ಬೆಳಿಗ್ಗೆಯಿಂದ ಊಟಕ್ಕೂ ಬಂದಿಲ್ಲ ಎಂದಳು ಮಗಳು.

ದೋಣಿಯವರೆಗೆ ಹೋದೆ. ಜೇಬಿನೊಳಗೆ ಕೈಯೂ ಹಾಕಿದೆ. ಅಷ್ಟರಲ್ಲಿ ಅವಳು ತಲೆ ಎತ್ತಿ, "ಅಜ್ಜಾ, ನೀ ಕೆಸರಾಗ ಬರಬ್ಯಾಡ, ಜಾರತೀ" ಎಂದಳು.

ಆಮೇಲೆ ಉಪಾಯ ಎಲ್ಲಿ ಉಳಿಯಬೇಕು? ದಾರವನ್ನು ಮೇಲೆತ್ತಿ, ಅಳಿಯಂದಿರಿಗೂ ಆ ಇನ್ನೊಬ್ಬರಿಗೂ ಕೇಳುವಂತೆ ನನ್ನ ಮುರುಕು ಮರಾಠಿಯಲ್ಲಿ ಕೂಗಿ ಹೇಳಿದೆ. ಕದ್ದವನು ನಾನು. ಪೂಜೆಗೆ ಒಯ್ದಿದ್ದೆ. ಬೆಳಿಗ್ಗೆಯೇ ನೆನಪಾಗಿತ್ತು, ಹೇಳಲಿಲ್ಲ. ಬ್ಯಾಟರಿ ಚೆನ್ನಾಗಿದೆ ಎಂದೂ ಗೊತ್ತಿತ್ತು. ಅವಳು ಆರಿಸಿದ್ದೇ ಸರಿ, ನಾನು ಹೇಳಿದ್ದು ತಪ್ಪು.

ಅವಳು ಕೈ ಚಾಚಿ ದಾರ ತೆಗೆದುಕೊಂಡಳು. ಅದಕ್ಕೆ ಕುಂಕುಮ ಮೆತ್ತಿತ್ತು. ಅಳಿಯಂದಿರು ಜೊತೆಯವರಿಗೆ ಕೈಮುಗಿದು, ಸಂಜೆ ನೀರು ಬರಲಿ, ಮೊದಲು ಮಗಳು ನಡೆಸಿ ನೋಡಲಿ ಎಂದು ಕಳಿಸಿದರು.

ಐದು ಗಂಟೆಯ ಮೇಲೆ ನೀರು ಏರಿತು, ದೋಣಿ ತೇಲಿತು. ಅವಳು ದಾರ ಸಿಕ್ಕಿಸಿ ಇನ್ನೊಂದು ತುದಿ ಮಣಿಕಟ್ಟಿಗೆ ಹಾಕಿಕೊಂಡಳು, ಗುಂಡಿ ಒತ್ತಿದಳು. ಹತ್ತಿದ್ದನ್ನು ಆಗಲೇ ಹೇಳಿದೆನಲ್ಲ! ಎರಡನೇ ಸುತ್ತು ಮುಗಿಸಿ ಬಂದಾಗ ಅಳಿಯಂದಿರು ದೋಣಿ ಕಟ್ಟುವ ಸರಪಳಿಯ ಬೀಗದ ಕೀಲಿಯನ್ನು ಅವಳ ಕೈಗೆ ಕೊಟ್ಟರು. ನನ್ನ ಕಣ್ಣು ತುಂಬಿ ದೋಣಿಯೇ ಕಾಣಲಿಲ್ಲ.

ಸಂಜೆ ಬನ್ನಿ ಹಂಚಿಕೊಂಡು ಎಲ್ಲರೂ ಮಗಳ ಮನೆಯ ಪಡಸಾಲೆಯಲ್ಲಿ ಊಟಕ್ಕೆ ಕೂತೆವು. ಅಕ್ಕಿರೊಟ್ಟಿಯಂಥ ಭಾಕರಿ, ಬಿಸಿ ಸಾರು, ನನ್ನಾಕೆಯ ಶೇಂಗಾ ಹೋಳಿಗೆ.

"ಮಾಮಾ, ಮುಂದಿನ ವರ್ಷ ಪೂಜೆಗೆ ಇಡೀ ದೋಣಿ ಜೇಬಿಗೆ ಹಾಕಿಕೊಂಡು ಹೋಗಿ" ಎಂದರು ಅಳಿಯಂದಿರು. ಎಲ್ಲರೂ ನಕ್ಕರು, ನನ್ನಾಕೆಯೂ. ಮೊಮ್ಮಗಳು ನಗಲಿಲ್ಲ.

"ಅಜ್ಜಾ, ಮುಂಜಾನೆ ಯಾಕ ಸುಮ್ಮನಿದ್ದಿ?" ಎಂದು ಮೆಲ್ಲಗೆ ಕೇಳಿದಳು.

"ಮರ್ಯಾದಿ ಹೋದೀತು ಅಂತ."

"ನಂದು ಹೋಯ್ತಲ್ಲ."

ಅವಳು ಸಾರಿನ ಪಾತ್ರೆ ಎಳೆದುಕೊಂಡು ಮೊದಲು ನನ್ನ ತಾಟಿಗೆ ಬಡಿಸಿದಳು, ಆಮೇಲೆ ತನ್ನದಕ್ಕೆ. ಬೆಳಿಗ್ಗೆಯಿಂದ ಉಪವಾಸವಿದ್ದ ಹುಡುಗಿ ನಾಲ್ಕು ಭಾಕರಿ ತಿಂದಳು. ನಾನು ತಲೆ ತಗ್ಗಿಸಿಕೊಂಡು ಅವಳ ಪಕ್ಕದಲ್ಲೇ ಉಂಡೆ.