ಇಡ್ವಾಲ್ ಪ್ರೋಸರನ ಎರಡನೆಯ ಓಟು

ಇಡ್ವಾಲ್ ಪ್ರೋಸರ್ ಸುಳ್ಳು ಹೇಳುವುದರಲ್ಲಿ ಬಹಳ ದಡ್ಡ. ಗಣಿ ಮುಚ್ಚಿದ ಮೇಲೆ ಬಸ್ ಓಡಿಸುವ ಕೆಲಸಕ್ಕೆ ಸೇರುವಾಗ ಬೆನ್ನುನೋವೇ ಇಲ್ಲ ಎಂದಿದ್ದ. ಹೆಂಡತಿ ಹಾಸಿಗೆ ಹಿಡಿದಾಗ, ಇವತ್ತು ಮುಖದಲ್ಲಿ ಕಳೆ ಬಂದಿದೆ ಎಂದಿದ್ದ. ಎರಡನ್ನೂ ಯಾರೂ ನಂಬಲಿಲ್ಲ. ಮೂರನೆಯದನ್ನು ಈ ಜೂನ್ ತಿಂಗಳಲ್ಲಿ ಮಗಳಿಗೆ ಹೇಳಿದ. ಹಾಳಾದ್ದು, ಅದನ್ನು ಮಾತ್ರ ಅವಳು ನಂಬಿಬಿಟ್ಟಳು.

ಯುರೋಪಿನ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ದೇಶವೆಲ್ಲ ಓಟು ಹಾಕಿದ ದಿನ, ಇಡ್ವಾಲ್ ಚರ್ಚಿನ ಪಕ್ಕದ ಮತಗಟ್ಟೆಯಲ್ಲಿ ಪೆನ್ಸಿಲ್ ಹಿಡಿದು ‘ಬಿಡಬೇಕು’ ಎಂಬುದರ ಎದುರು ಗುರುತು ಹಾಕಿ ಬಂದಿದ್ದ. ಒಕ್ಕೂಟ ಅವನಿಗೇನೂ ಅನ್ಯಾಯ ಮಾಡಿರಲಿಲ್ಲ. ಅನ್ಯಾಯ ಮಾಡಿದವರು ಬೇರೆ ಇದ್ದರು. ಗಣಿ ಮುಚ್ಚಿದವರು, ಗುಡ್ಡದಾಚೆಯ ಆಸ್ಪತ್ರೆಗೆ ಹೋಗುತ್ತಿದ್ದ ಅವನ ಬಸ್ಸನ್ನೇ ನಿಲ್ಲಿಸಿ, ಆಮೇಲೆ ನಯವಾದ ಮಾತಾಡಿದವರು. ಅವರೆಲ್ಲ ‘ಇರಬೇಕು’ ಎನ್ನುತ್ತಿದ್ದರು. ಹಾಗಾದರೆ ಬೇಡ ಎಂದ, ಅಷ್ಟೆ. ಹೇಗೂ ಅವರೇ ಗೆಲ್ಲುತ್ತಾರೆ, ನಮ್ಮ ಸಿಟ್ಟಾದರೂ ಗೊತ್ತಾಗಲಿ ಎಂದುಕೊಂಡಿದ್ದ. ಬೆಳಗಾಗುವಷ್ಟರಲ್ಲಿ ಸಿಟ್ಟೇ ಗೆದ್ದಿತ್ತು.

ಆ ಬೆಳಿಗ್ಗೆ ಅಳಿಯ ನೂನೊ ರಾತ್ರಿ ಪಾಳಿ ಮುಗಿಸಿ ಮಾಂಸದ ಕಾರ್ಖಾನೆಯಿಂದ ನೇರ ಮಾವನ ಅಡಿಗೆಮನೆಗೆ ಬಂದ. ಪೋರ್ಚುಗಲ್‌ನಿಂದ ಈ ಕಣಿವೆಗೆ ಬಂದು, ಇಲ್ಲೇ ಮದುವೆಯಾಗಿ, ಇಡ್ವಾಲನ ಮನೆಯ ಸೋರುವ ಮಾಡನ್ನು ಒಬ್ಬನೇ ಹತ್ತಿ ಸರಿ ಮಾಡಿದ ಹುಡುಗ. ‘ಮಾವ, ನಾನು ವಾಪಸ್ ಹೋಗ್ಬೇಕಾಗುತ್ತಾ?’ ಎಂದು ಕೇಳಿದ. ಇಡ್ವಾಲ್ ಚಹದ ಪಾತ್ರೆಯನ್ನೇ ನೋಡುತ್ತ ನಿಂತ. ಮಗಳು ನೆರಿಸ್ ಬಂದವಳೇ, ‘ಅಪ್ಪ, ನೀನಂತೂ ಬಿಡ್ಬೇಕು ಅಂತ ಹಾಕಿಲ್ಲ ತಾನೆ?’ ಎಂದಳು.

‘ಥೂ, ನಾನ್ಯಾಕೆ ಹಾಕ್ಲಿ’ ಎಂದ ಇಡ್ವಾಲ್.

ನಿಜ ಗೊತ್ತಿದ್ದದ್ದು ಗ್ವಿಲಿಮ್ ಒಬ್ಬನಿಗೆ. ಗಣಿಯ ಕಾಲದಿಂದಲೂ ಇಬ್ಬರೂ ಒಂದೇ ಜೀವ. ಅವನೂ ‘ಬಿಡಬೇಕು’ ಎಂದು ಹಾಕಿದ್ದ, ಆದರೆ ಎದೆ ತಟ್ಟಿ ಹೇಳಿಕೊಂಡಿದ್ದ. ಅದಕ್ಕೇ ನೆರಿಸ್ ಅವನೊಡನೆ ಮಾತು ಬಿಟ್ಟಿದ್ದಳು. ಹುಟ್ಟಿದಾಗಿನಿಂದ ತನ್ನನ್ನು ಎತ್ತಿ ಆಡಿಸಿದವನನ್ನು ರಸ್ತೆಯಲ್ಲಿ ಕಂಡರೆ ಆಚೆ ಬದಿಗೆ ದಾಟುತ್ತಿದ್ದಳು. ನಿಜ ತಿಳಿದರೆ ತನಗೂ ಅದೇ ಗತಿ ಎಂದು ಇಡ್ವಾಲನಿಗೆ ಖಾತ್ರಿಯಾಗಿತ್ತು.

ಇಷ್ಟರಲ್ಲಿ, ‘ಇರಬೇಕು’ ಎಂದು ಪ್ರಚಾರ ಮಾಡಿದ್ದ ಇಡ್ವಾಲನ ಪಕ್ಷದ ನಾಯಕ ಸೋಲಿನ ಹೊಣೆ ಹೊತ್ತು ಕುರ್ಚಿ ಬಿಟ್ಟ. ಹೊಸ ನಾಯಕತ್ವಕ್ಕೆ ಇಬ್ಬರು ನಿಂತರು. ಲಂಡನ್ನಿನ ವಕೀಲನೊಬ್ಬ, ಜನರನ್ನು ಇನ್ನೊಮ್ಮೆ ಕೇಳೋಣ ಎಂದ. ಉತ್ತರದ ಕಡೆಯ ಹೆಂಗಸೊಬ್ಬಳು, ಜನ ಹೇಳಿಯಾಯಿತು, ಇನ್ನು ಅದರಂತೆ ನಡೆಯೋಣ ಎಂದಳು. ಯಾರನ್ನು ಬೆಂಬಲಿಸುತ್ತೇವೆಂದು ಊರೂರಿನ ಶಾಖೆಗಳು ಸಭೆ ಸೇರಿ ತಿಳಿಸಬೇಕಿತ್ತು. ಯಾರು ಯಾರ ಕಡೆಗೆ ಕೈ ಎತ್ತುತ್ತಾರೋ, ಅದರಿಂದಲೇ ಅವರು ಜೂನ್‌ನಲ್ಲಿ ಎಲ್ಲಿ ಗುರುತು ಹಾಕಿದ್ದರೆಂದು ಗೊತ್ತಾಗಿಬಿಡುತ್ತಿತ್ತು.

ಇಡ್ವಾಲ್ ಈ ಶಾಖೆಯ ಅಧ್ಯಕ್ಷ. ಬೇರೆ ಯಾರೂ ಒಪ್ಪಿಕೊಳ್ಳದ್ದರಿಂದ ವರ್ಷವರ್ಷವೂ ಅವನೇ ಅಧ್ಯಕ್ಷ. ಈಗ ಮೊದಲ ಬಾರಿಗೆ ಅದು ಪುಣ್ಯವೆನಿಸಿತು. ಅಧ್ಯಕ್ಷನಿಗೆ ಓಟಿಲ್ಲ. ಎರಡೂ ಕಡೆ ಸಮವಾದರೆ ಮಾತ್ರ ಅವನು ಹೇಳಬೇಕು, ಅದೂ ಎದ್ದು ನಿಂತು, ಬಾಯಿಬಿಟ್ಟು. ಸಮವಾಗುವುದು ಎಲ್ಲಿಂದ ಬಂತು ಎಂದು ವಾರವಿಡೀ ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೂ ಊಟ ಸೇರಲಿಲ್ಲ.

ಕಾರ್ಮಿಕರ ಕ್ಲಬ್ಬಿನ ಮಹಡಿಯ ಕೋಣೆಯಲ್ಲಿ ಸಭೆ. ಮಾಮೂಲಿಯಾಗಿ ಬೆರಳೆಣಿಕೆಯ ಜನ ಬರುವ ಜಾಗದಲ್ಲಿ ಅಂದು ಕುರ್ಚಿ ಸಾಲದೆ ಕಿಟಕಿಕಟ್ಟೆಯ ಮೇಲೂ ಕುಳಿತಿದ್ದರು. ಜೂನ್ ಆದಮೇಲೆ ಪಕ್ಷ ಸೇರಿದ್ದ ನೆರಿಸ್ ಮುಂದಿನ ಸಾಲಿನಲ್ಲಿದ್ದಳು. ಗ್ವಿಲಿಮ್ ಹಿಂದೆ ಬಾಗಿಲ ಬಳಿ ಗ್ಲಾಸು ಹಿಡಿದು ನಿಂತಿದ್ದ.

‘ಚೀಟೀಲಿ ಬರೆದು ಹಾಕಿದ್ರೆ ಆಗಲ್ವಾ?’ ಎಂದು ಯಾರೋ ಕೇಳಿದರು. ಇಡ್ವಾಲ್ ಹೂಂ ಎನ್ನುವಷ್ಟರಲ್ಲಿ ನೆರಿಸ್ ಎದ್ದಳು.

‘ಮುಚ್ಚಿಡೋಕೆ ಏನಿದೆ? ಕೈ ಎತ್ತೋಕೆ ನಾಚ್ಕೆ ಆಗೋರು ಕೈ ಕಟ್ಕೊಂಡು ಕೂತ್ಕೊಳ್ಲಿ. ನನ್ನ ಗಂಡನ್ನ ಕಾರ್ಖಾನೇಲಿ ಮೊನ್ನೆ ಯಾರೋ ಗಂಟುಮೂಟೆ ಕಟ್ಟು ಅಂದ್ರಂತೆ. ಯಾರು ಯಾರು ಏನು ಅಂತ ನಾನು ನೋಡ್ಬೇಕು.’

ಕೈಗಳು ಎದ್ದವು. ಕಾರ್ಯದರ್ಶಿ ಗ್ಲೆನಿಸ್ ಕನ್ನಡಕ ಸರಿಮಾಡಿಕೊಂಡು ಎಣಿಸಿದಳು. ಮತ್ತೆ ಎಣಿಸಿದಳು. ಆಮೇಲೆ ಇಡ್ವಾಲನ ಕಡೆ ತಿರುಗಿ, ‘ಸಮ ಸಮ ಬಂದಿದೆ ಕಣಪ್ಪ. ಇನ್ನು ನೀನೇ ಹೇಳ್ಬೇಕು’ ಎಂದಳು.

ಇಡ್ವಾಲ್ ಮುಂದಿನ ಸಾಲಿನತ್ತ ನೋಡಿದ. ವಕೀಲನ ಹೆಸರು ಹೇಳಿದರೆ ಮಗಳು ಉಳಿಯುತ್ತಾಳೆ. ಹೇಳಿಬಿಡು ಮುಠ್ಠಾಳ, ಎರಡು ಶಬ್ದ, ಮನೆಗೆ ಹೋಗಬಹುದು ಎಂದುಕೊಂಡ. ಮೇಜು ಹಿಡಿದು ಎದ್ದ. ಬಾಯಿ ತೆರೆದ, ಮುಚ್ಚಿದ. ನೆರಿಸ್ ಅಪ್ಪನಿಗೆ ಧೈರ್ಯ ತುಂಬುವಂತೆ ನಗುತ್ತಿದ್ದಳು.

ಬಾಗಿಲ ಬಳಿಯಿಂದ ಗ್ವಿಲಿಮ್ ಕೆಮ್ಮಿದ. ‘ಗ್ಲೆನಿಸ್, ನನ್ನ ಕೈ ತೆಗೆದುಬಿಡಮ್ಮ. ವಕೀಲನ ಕಡೆಗೆ ಹಾಕ್ಕೋ.’

ಕೋಣೆಯೆಲ್ಲ ತಿರುಗಿ ನೋಡಿತು.

‘ಮನಸ್ಸು ಬದ್ಲಾಯ್ತು’ ಎಂದ ಗ್ವಿಲಿಮ್. ‘ಬದ್ಲಾಗಬಾರ್ದು ಅಂತ ಎಲ್ಲಾದ್ರೂ ಇದ್ಯಾ? ಈಗ ಅಧ್ಯಕ್ಷರು ಮಾತಾಡೋ ಅಗತ್ಯ ಇಲ್ಲ. ಕೂತ್ಕೊಳೋ ಇಡ್ವಾಲ್.’

ಗಣಿಯ ಮುಷ್ಕರದ ಕಾಲದಲ್ಲೂ ಮನಸ್ಸು ಬದಲಾಯಿಸದಿದ್ದವನು. ಯಾಕೆ ಬದಲಾಯಿಸಿದನೆಂದು ಇಡ್ವಾಲನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಕುಳಿತ. ಹೌದು, ಕುಳಿತ. ಜೀವ ಉಳಿಯಿತು ಎಂದು ಉಸಿರನ್ನೂ ಬಿಟ್ಟ.

ಮುಂದಿನ ಸಾಲಿನಲ್ಲಿ ನೆರಿಸ್ ಚಪ್ಪಾಳೆ ತಟ್ಟಿದಳು. ‘ಅಂತೂ ಬುದ್ಧಿ ಬಂತು. ನಮ್ಮಪ್ಪನ್ನ ನೋಡಿಯಾದ್ರೂ ಮೊದ್ಲೇ ಕಲೀಬಾರ್ದಿತ್ತಾ, ಗ್ವಿಲಿಮ್ ಮಾಮ?’

ಜನ ನಕ್ಕರು. ಗ್ವಿಲಿಮ್ ತಲೆತಗ್ಗಿಸಿ ಗ್ಲಾಸಿನೊಳಗೆ ನೋಡಿದ. ಅದನ್ನು ಇಡ್ವಾಲನಿಂದ ತಡೆದುಕೊಳ್ಳಲಾಗಲಿಲ್ಲ.

‘ಗ್ಲೆನಿಸ್, ಅವನ ಕೈ ಮೊದ್ಲು ಎಲ್ಲಿತ್ತೋ ಅಲ್ಲೇ ಇರ್ಲಿ’ ಎಂದ. ಮತ್ತೆ ಎದ್ದು ನಿಂತ. ‘ಸಮ ಆಯ್ತಲ್ಲ, ನನ್ನ ಓಟು ಆ ಹೆಂಗಸಿಗೆ. ನೆರಿಸ್, ಜೂನ್‌ನಲ್ಲೂ ನಾನು ಬಿಡ್ಬೇಕು ಅಂತಲೇ ಹಾಕಿದ್ದು. ನಿಂಗೆ ಸುಳ್ಳು ಹೇಳ್ದೆ.’

ನೆರಿಸ್ ಕೋಟು ಎತ್ತಿಕೊಂಡು ಮೆಟ್ಟಿಲಿಳಿದಳು.

ಅಪ್ಪ, ಮಗಳು, ಅಳಿಯ ಮೂವರೂ ಬಂದದ್ದು ಒಂದೇ ಕಾರಿನಲ್ಲಿ; ಪಕ್ಷದ ಸದಸ್ಯನಲ್ಲದ ನೂನೊ ಕೆಳಗೇ ಕಾಯುತ್ತಿದ್ದ. ಇಡ್ವಾಲ್ ಕೆಳಗಿಳಿದಾಗ ಕಾರು ಅಲ್ಲೇ ಇತ್ತು. ನೆರಿಸ್ ಹಿಂದಿನ ಸೀಟಿನಲ್ಲಿ ಮುಖ ಆಚೆ ತಿರುಗಿಸಿ ಕುಳಿತಿದ್ದಳು. ನೂನೊ ಎಂದಿನಂತೆ ಬಗ್ಗಿ ಮುಂದಿನ ಬಾಗಿಲು ತೆಗೆದ.

‘ಏನ್ ಮಾವ, ಯಾರು ಗೆದ್ರು? ಇವಳನ್ನ ಕೇಳಿದ್ರೆ ಬಾಯೇ ಬಿಡ್ತಿಲ್ಲ.’

‘ಹೇಳಪ್ಪ’ ಎಂದಳು ನೆರಿಸ್ ಕಿಟಕಿಯತ್ತಲೇ ನೋಡುತ್ತ. ‘ನಾನಂತೂ ಹೇಳಲ್ಲ.’

ಇಡ್ವಾಲ್ ಹೇಳಿದ, ಜೂನ್‌ನ ಓಟನ್ನೂ ಸೇರಿಸಿ. ನೂನೊ ಕೀಲಿಯ ಮೇಲಿದ್ದ ಕೈಯನ್ನು ಮಡಿಲಿಗೆ ತಂದುಕೊಂಡ.

‘ಅವತ್ತು ಬೆಳಿಗ್ಗೆ ನಾನು ಕೇಳಿದ್ನಲ್ಲ ಮಾವ. ಆಗ್ಲೇ ಯಾಕೆ ಹೇಳ್ಲಿಲ್ಲ?’

‘ಹೇಳಿದ್ರೆ ನೀನು ಹೊರಟುಹೋಗ್ತೀಯ ಅಂತ ಭಯ ಆಯ್ತು ಕಣೋ.’

ಹಿಂದಿನಿಂದ ನೆರಿಸ್ ನಕ್ಕಳೋ ಅತ್ತಳೋ ತಿಳಿಯಲಿಲ್ಲ. ನೂನೊ ನಗಲಿಲ್ಲ. ರಸ್ತೆಯನ್ನೇ ನೋಡುತ್ತ ಮೆಲ್ಲಗೆ ಹೇಳಿದ.

‘ನಾನು ಎಲ್ಲಿಗೂ ಹೋಗಲ್ಲ. ಆದ್ರೆ ಈ ಭಾನುವಾರ ನೀವು ಊಟಕ್ಕೆ ಬರ್ಬೇಡಿ.’

‘ಮುಂದಿನ ಭಾನುವಾರ?’ ಎಂದ ಇಡ್ವಾಲ್.

ನೂನೊ ಕಾರು ಹೊರಡಿಸಿದ.