ಅತ್ತೆ ತುಂಬಿದ ಗಾಳಿ

ಪ್ರಿಯರೇ, ಕೇಳದೆಯೇ ನಮಗೆ ದೊರೆಯುತ್ತಿರುವ ದಾನವೆಂದರೆ ಉಸಿರು. ಆ ದಾನವನ್ನು ಉಕ್ಕಿನ ಸಿಲಿಂಡರುಗಳಿಗೆ ತುಂಬಿ, ನೀರಿಗಿಳಿಯುವವರ ಬೆನ್ನಿಗೆ ಕಟ್ಟಿ ಕಳುಹಿಸುವುದೇ ಬದುಕಾಗಿದ್ದ ಒಬ್ಬ ತಾಯಿಯ ಕಥೆ ಇದು.

ಹವಳದ ದಿಬ್ಬಗಳನ್ನು ಸಮೀಕ್ಷಿಸುವ ವಿಜ್ಞಾನಿಗಳ ದೋಣಿಯಲ್ಲಿ ಆಕೆಗೆ ಕೆಲಸ. ಗಾಳಿ ತುಂಬುವ ಪೆಟ್ರೋಲ್ ಯಂತ್ರ ಹಿಂಭಾಗದ ಇಕ್ಕಟ್ಟಿನಲ್ಲಿತ್ತು. ಅದು ಗಾಳಿಯನ್ನು ಒಳಗೆಳೆಯುವ ಕೊಳವೆಯ ಬಾಯನ್ನು ಯಂತ್ರದ್ದೇ ವಿಷದ ಹೊಗೆ ಸೋಂಕದ ಕಡೆಗೆ ನೋಡಿ ಕಟ್ಟಬೇಕು. ದೋಣಿಯವರೆಲ್ಲ ಆಕೆಯನ್ನು ‘ಅತ್ತೆ’ ಎಂದೇ ಕರೆಯುತ್ತಿದ್ದರು. ನಿಜವಾದ ಅಳಿಯನೆಂದರೆ ಒಬ್ಬನೇ, ಸಮುದ್ರದ ತಳದಲ್ಲಿ ಅಳತೆಯ ಪಟ್ಟಿ ಹಾಸುವ ಮುಳುಗುಗಾರ.

ಆ ವರ್ಷ ಕಡಲು ಕಾದು ಹವಳವೆಲ್ಲ ಮೂಳೆಯಂತೆ ಬಿಳಿಚಿಕೊಂಡಿತ್ತು. ಮೇಲೆ ಬಂದವರು ಸಾವಿನ ಮನೆಯಿಂದ ಬಂದವರಂತೆ ಕೂರುತ್ತಿದ್ದರು. ಅವರನ್ನು ನಗಿಸುತ್ತಿದ್ದವನು ಆ ಅಳಿಯನೇ. ಇಳಿಯುವ ಮೊದಲು ಸಿಲಿಂಡರಿನ ಗಾಳಿಯನ್ನು ತುಸು ಬಿಟ್ಟು ಮೂಸಿ ನೋಡಬೇಕೆಂಬುದು ಅಲ್ಲಿನ ನಿಯಮ. ಅವನೊಬ್ಬ ಮೂಸುತ್ತಿರಲಿಲ್ಲ.

“ಅತ್ತೆ ಬಡಿಸಿದ್ದನ್ನ ಯಾರಾದ್ರೂ ಮೂಸಿ ನೋಡಿ ಉಣ್ತಾರೇನಪ್ಪಾ?” ಎನ್ನುವನು.

“ಮಗಳನ್ನ ಕೊಟ್ಟವರಲ್ವಾ, ಹೊಗಳ್ದೆ ಇನ್ನೇನು ಮಾಡ್ತೀಯ!” ಎಂದು ಜೊತೆಗಾರ ಛೇಡಿಸುವನು.

ಮೂಸಿ ನೋಡಿ ಎಂದು ಗದರಬೇಕಾದ ಆಕೆ ಮುಖ ಅರಳಿಸಿ ಸುಮ್ಮನಿರುತ್ತಿದ್ದಳು.

ಲಂಗರು ಬಿದ್ದರೆ ಹವಳ ಮುರಿಯುವುದೆಂದು ಅವರು ದೋಣಿಯನ್ನು ಹಿಂದೆಯೂ ಮುಂದೆಯೂ ತೇಲುಬುರುಡೆಗಳಿಗೆ ಬಿಗಿಯುತ್ತಿದ್ದರು. ಹಾಗೆ ಬಿಗಿದ ದೋಣಿ, ಗಾಳಿ ದಿಕ್ಕು ಬದಲಿಸಿದರೂ ತಾನು ಹೊರಳದು; ಕೊಳವೆಯನ್ನೇ ತಿರುಗಿಸಿ ಕಟ್ಟಬೇಕು. ಅಂದು ಅಳಿಯನ ಸಿಲಿಂಡರ್ ಕೊನೆಗೆ ಉಳಿದಿತ್ತು. ಅದು ತುಂಬುತ್ತಿರುವಾಗಲೇ ಬೀಸುವ ಗಾಳಿ ದಿಕ್ಕು ಬದಲಿಸಿತು. ಆಕೆ ಯಂತ್ರಕ್ಕೆ ಬೆನ್ನು ಮಾಡಿ, ತುಂಬುಗರ್ಭಿಣಿ ಮಗಳ ವಿಷಯವನ್ನು ಅಳಿಯನೊಡನೆ ಮಾತಾಡುತ್ತಿದ್ದಳು.

ಅವನು ಇಳಿದ ಮೇಲೆ ಕೊಳವೆ ಸುತ್ತಿಡಲು ಹೋದವಳಿಗೆ ಕಂಡದ್ದು ಕೊಳವೆಯ ಬಾಯಿಯ ಸುತ್ತ ಮೆತ್ತಿದ ಮಸಿ. ಯಂತ್ರದ ಹೊಗೆ ಅಳಿಯನ ಸಿಲಿಂಡರಿಗೆ ಸೇರಿತ್ತು. ಕೈಗೆ ಸಿಕ್ಕ ಸ್ಪ್ಯಾನರಿನಿಂದ ಕಬ್ಬಿಣದ ಏಣಿಯನ್ನು ಬಡಿದಳು. ಎಲ್ಲರೂ ಮೇಲೆ ಬನ್ನಿ ಎಂಬುದಕ್ಕೆ ಅದೇ ಸಂಕೇತ. ಜೊತೆಗಾರ ಮೇಲೆ ಬಂದ, ಅಳಿಯನನ್ನು ತೋಳಲ್ಲಿ ಹಿಡಿದು. ಆಮ್ಲಜನಕ ಕೊಟ್ಟರು, ಎದೆ ಒತ್ತಿದರು. ಭಗವಂತ ಆ ಉಸಿರನ್ನು ಹಿಂದಿರುಗಿಸಲಿಲ್ಲ.

ಮರಳುವ ದಾರಿಯಲ್ಲಿ ತಂಡದ ಮುಖ್ಯಸ್ಥ ಆಕೆಯ ಪಕ್ಕ ಕುಳಿತ. “ಅಮ್ಮಾ, ಮೂಸಿ ನೋಡದೇ ಇದ್ದದ್ದು ಅವನದೇ ತಪ್ಪು ಅಂತ ಹೇಳಿಬಿಡೋಣ. ಈ ಸ್ಥಿತೀಲಿ ನೀವೂ ದೂರ ಆದ್ರೆ ಆ ಹುಡುಗಿಗೆ ಯಾರಿದ್ದಾರೆ?”

ಅದು ಕರುಣೆಯ ಮಾತೇ. ಒಂದು ಸುಳ್ಳಿನ ಬೆಲೆಗೆ ಮಗಳು ಉಳಿಯುತ್ತಿದ್ದಳು.

“ಸತ್ತವನ ತಲೆಗೆ ಕಟ್ಲಾ, ಸ್ವಾಮಿ?” ಎಂದಳು ಆಕೆ.

ಮಗಳ ಮನೆಯ ಹೊಸ್ತಿಲಲ್ಲೇ ನಿಂತು, ಸಾವಿನ ಸುದ್ದಿಯ ಜೊತೆಗೇ ಇದನ್ನೂ ಹೇಳಿದಳು: “ಕೊಳವೆ ಕಟ್ಟಿದ್ದು ನಾನು ಕಣೇ. ಗಾಳಿ ತಿರುಗ್ತು. ನಾನು ನೋಡ್ಲಿಲ್ಲ.”

ಮಗಳು ಗೋಡೆ ಹಿಡಿದುಕೊಂಡಳು. “ಅವರು ಮೂಸಿ ನೋಡ್ಲಿಲ್ವಾ?”

“ಯಾವತ್ತೂ ನೋಡ್ತಿರಲಿಲ್ಲ. ನನ್ನ ಮೇಲೆ ಅಷ್ಟು ನಂಬಿಕೆ.”

“ನೋಡಿ ಅಂತ ನೀನು ಯಾಕೆ ಹೇಳ್ಲಿಲ್ಲ?”

ಆಕೆ ತಡೆದು ತಡೆದು ನುಡಿದಳು: “ನನಗೆ ಹೆಮ್ಮೆಯಾಗ್ತಿತ್ತು, ಮಗಳೇ.”

“ಹೊರಡಮ್ಮಾ,” ಎಂದು ಮಗಳು ಬಾಗಿಲು ಹಾಕಿದಳು.

ಸತ್ಯ ನುಡಿದವರಿಗೆ ಕೂಡಲೇ ಸಮಾಧಾನ ಸಿಗುತ್ತದೆಂದು ಹೇಳಿ ನಿಮ್ಮನ್ನು ವಂಚಿಸಲಾರೆ. ಮೊಮ್ಮಗು ಹುಟ್ಟಿದ ಸುದ್ದಿಯನ್ನು ಆಕೆ ನೆರೆಯವರ ಬಾಯಿಂದ ಕೇಳಬೇಕಾಯಿತು. ಈಗಲೂ ಆಕೆ ವಾರಕ್ಕೊಮ್ಮೆ ಆ ಮನೆಗೆ ಹೋಗುತ್ತಾಳೆ, ಬಾಗಿಲು ತಟ್ಟುತ್ತಾಳೆ, ಕಾಯುತ್ತಾಳೆ. ಒಳಗೆ ಮಗು ಅಳುವುದು ಕೇಳಿಸುತ್ತದೆ. ಆ ಮಗಳ ಮನಸ್ಸು ಕರಗಲೆಂದು ನಾನು ಬೇಡುತ್ತಿದ್ದೇನೆ. ನೀವೂ ಬೇಡಿಕೊಳ್ಳಿ.